ಲಿನಕ್ಸ್ ಹಾಕಿಕೊಟ್ಟವನ ತಜ್ಞಾಭಿಪ್ರಾಯ

ನಮ್ಮ ವಂಶದಲ್ಲಿ ಕಂಪ್ಯೂಟರ್ ತಜ್ಞನ ಹುದ್ದೆಗೆ ಅರ್ಜಿ ಕರೆಯುವ ಪದ್ಧತಿ ಇಲ್ಲ. 2007ರಲ್ಲಿ ಒಂದು ಮದುವೆಮನೆ. ವಧೂವರರ ಫೋಟೋ ತೋರಿಸಬೇಕಿದ್ದ ಪ್ರೊಜೆಕ್ಟರು ಗೋಡೆಗೆ ಬರೀ ನೀಲಿ ಬೆಳಕು ಬಿಡುತ್ತಾ ಕೂತಿತ್ತು. ನಾಲ್ಕು ಜನ ಸುತ್ತ ನಿಂತು ಅದನ್ನೇ ನೋಡುತ್ತಿದ್ದರು. ಹೋಳಿಗೆ ಬುಟ್ಟಿ ಹಿಡಿದು ಬಂದವರಿಗೆ ದಾರಿ ಬಿಡಲು ನಾನು ಮೇಜಿಗೆ ಒತ್ತಿಕೊಂಡು ನಿಂತೆ. ಸೊಂಟಕ್ಕೆ ಒಂದು ವೈರು ತಾಗಿ ಒಳಕ್ಕೆ ಹೋಯಿತು. ಚಿತ್ರ ಬಂತು. ಎರಡನೇ ಪಂಕ್ತಿ ಏಳುವಷ್ಟರಲ್ಲಿ ನಾನು ತಜ್ಞನಾಗಿದ್ದೆ.

ಅಲ್ಲಿಂದೀಚೆಗೆ ಹನ್ನೊಂದು ಬಂಧುಗಳ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟಿದ್ದೇನೆ. ಅವರಲ್ಲಿ ನಾಲ್ವರು ಈಗಲೂ ಮಾತಾಡಿಸುತ್ತಾರೆ. ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಜಗತ್ತಿನ ಮೇಜುಗಳ ಮೇಲಿರುವ ಕಂಪ್ಯೂಟರುಗಳಲ್ಲಿ ಲಿನಕ್ಸಿಗೆ ದಕ್ಕಿರುವ ಪಾಲಿಗೆ ಹೋಲಿಸಿದರೆ ಇದು ಡಿಸ್ಟಿಂಕ್ಷನ್. ಆ ಅಧಿಕಾರದಿಂದ ಈ ಕೆಳಗಿನ ಅಭಿಪ್ರಾಯಗಳನ್ನು ದಾಖಲಿಸುತ್ತಿದ್ದೇನೆ.

ಆಪರೇಟಿಂಗ್ ಸಿಸ್ಟಮ್ ಎಂದರೇನು ಎಂಬುದಕ್ಕೆ ಪಠ್ಯಪುಸ್ತಕಗಳಲ್ಲಿ ಉದ್ದುದ್ದ ವ್ಯಾಖ್ಯೆಗಳಿವೆ. ಪರೀಕ್ಷೆಗೆ ಅವು ಸಾಕು. ಅನುಭವದಲ್ಲಿ ಅದು, ಕೆಲಸ ಕೆಟ್ಟಾಗ ತಪ್ಪು ಯಾರದು ಎಂದು ತೀರ್ಮಾನಿಸುವ ಪಂಚಾಯ್ತಿ. ಕೆಲಸ ಎಲ್ಲ ಕಡೆಯೂ ಒಂದೇ ಥರ ಕೆಡುತ್ತದೆ. ತೀರ್ಪು ಮಾತ್ರ ಬೇರೆ ಬೇರೆ.

ವಿಂಡೋಸ್‌ನ ತೀರ್ಪು ಬಹಳ ಚಿಕ್ಕದು: ಏನೋ ತಪ್ಪಾಗಿದೆ. ಸರ್ಕಾರಿ ಕನ್ನಡ ಓದಿ ಬೆಳೆದವರಿಗೆ ಈ ವಾಕ್ಯ ಹಳೆಯ ನೆಂಟ. ಅದರಲ್ಲಿ ಕರ್ತೃ ಇಲ್ಲ. 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂದಾಗ ಕೈಗೊಳ್ಳುವವರು ಯಾರು ಎಂದು ಕೇಳುವುದು ಹೇಗೆ ಅಸಭ್ಯವೋ ಇಲ್ಲಿಯೂ ಹಾಗೆಯೇ. ತಪ್ಪು ಆಗಿದೆ, ಮಳೆ ಆದ ಹಾಗೆ. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ, ಯಂತ್ರ ಸಂಪೂರ್ಣ ನೆಲ ಕಚ್ಚಿದಾಗ ಬರುವ ನೀಲಿ ಪರದೆಗೆ ಒಂದು ಅಳುಮುಖವನ್ನು ಸೇರಿಸಿದರು. ಹದಿಮೂರು ವರ್ಷ ಅದು ನಮ್ಮೆಲ್ಲರ ಪರವಾಗಿ ಅತ್ತಿತು. 2025ರಲ್ಲಿ ಅಳುಮುಖವನ್ನು ತೆಗೆದು ಪರದೆಯನ್ನು ಕಪ್ಪು ಮಾಡಿದರು. ಸೂತಕ ಯಾವುದು, ಎಷ್ಟು ದಿನ ಎಂಬ ವಿವರ ಹೊರಬಂದಿಲ್ಲ.

ಮ್ಯಾಕ್ ಬಗ್ಗೆ ನನಗೆ ಅನುಭವ ಕಡಿಮೆ. ಅದು ಕೆಡುವುದಿಲ್ಲ ಎಂದಲ್ಲ. ಕೆಟ್ಟರೆ ಅದರ ಯಜಮಾನರು ಹೊರಗೆ ಹೇಳುವುದಿಲ್ಲ. ಕೊಟ್ಟ ದುಡ್ಡು ಅಷ್ಟು. ಒಂದು ಬಣ್ಣಬಣ್ಣದ ಚೆಂಡು ತಿರುಗುತ್ತಿರುತ್ತದೆ, ಯಜಮಾನರು ಅದನ್ನು ದೀಪಾವಳಿಯ ನೆಲಚಕ್ರದಂತೆ ಹಸನ್ಮುಖರಾಗಿ ನೋಡುತ್ತಿರುತ್ತಾರೆ. ಪೆನ್‌ಡ್ರೈವನ್ನು ಸುರಕ್ಷಿತವಾಗಿ ವಾಪಸು ಪಡೆಯಲು ಅದನ್ನು ಕಸದ ಬುಟ್ಟಿಯ ಕಡೆಗೆ ಎಳೆಯಬೇಕು ಎಂಬ ಸಂಪ್ರದಾಯ ಅಲ್ಲಿ ದಶಕಗಳಿಂದ ನಡೆದು ಬಂದಿದೆ. ಪ್ರಶ್ನಿಸಿದವರನ್ನು ನಾನು ನೋಡಿಲ್ಲ.

ಇನ್ನು ಲಿನಕ್ಸ್. ಇದು ಏನನ್ನೂ ಮುಚ್ಚಿಡುವುದಿಲ್ಲ. ಏನಾಯಿತು, ಎಷ್ಟು ಗಂಟೆಗೆ ಆಯಿತು, ಆಗುವ ಮೊದಲು ಯಾರು ಯಾರು ಅಲ್ಲಿದ್ದರು ಎಂಬುದನ್ನೆಲ್ಲ ನಾನೂರು ಸಾಲುಗಳಲ್ಲಿ ಬರೆದು ಕೈಗಿಡುತ್ತದೆ. ಅದರಲ್ಲಿ ಮುನ್ನೂರ ತೊಂಬತ್ತೊಂಬತ್ತು ಸಾಲು ನಿರಪರಾಧಿಗಳವು. ಉಳಿದ ಒಂದು ಸಾಲಿನಲ್ಲಿ ತಪ್ಪು ಇರುತ್ತದೆ, ಮತ್ತು ಅದು ನಿಮ್ಮದಾಗಿರುತ್ತದೆ.

ಈ ಸಿದ್ಧಾಂತವನ್ನು ನಾನು ಅರಸೀಕೆರೆಯ ನಮ್ಮ ದೊಡ್ಡಪ್ಪನ ಮೇಲೆ ಪ್ರಯೋಗಿಸಿ ನೋಡಿದ್ದೇನೆ. ದೊಡ್ಡಪ್ಪ ನಿವೃತ್ತ ಹೈಸ್ಕೂಲ್ ಮುಖ್ಯೋಪಾಧ್ಯಾಯರು, ಈಗ ಎಪ್ಪತ್ತೆಂಟು. ಅವರ ಕಂಪ್ಯೂಟರು 2014ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಬಿಡಿಯಾಗಿ ಕೊಂಡು ಜೋಡಿಸಿದ್ದು. ಬಟ್ಟೆಯ ಕವರು ಹಾಕಿ, ಕುಂಕುಮ ಇಟ್ಟು, ಚೆನ್ನಾಗಿಯೇ ನೋಡಿಕೊಂಡಿದ್ದರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಎಂಬ ಸೂಚನೆ ಪರದೆಯ ಮೇಲೆ ಪದೇ ಪದೇ ಬರತೊಡಗಿದಾಗ ನನಗೆ ಫೋನ್ ಬಂತು.

"ಏನೋ ಇದು, ನನ್ನ ಕಂಪ್ಯೂಟ್ರು ಹನ್ನೊಂದಕ್ಕೆ ಪಾಸಾಗಲ್ವಂತೆ?"

"ಅದಕ್ಕೆ ಟಿಪಿಎಂ ಅಂತ ಒಂದು ಚಿಪ್ಪು ಬೇಕು ದೊಡ್ಡಪ್ಪ. ಎರಡು ಪಾಯಿಂಟ್ ಸೊನ್ನೆ. ನಿಮ್ಮದರಲ್ಲಿ ಇಲ್ಲ."

"ಅರಸೀಕೆರೇಲಿ ಚಿಪ್ಪಿಗೇನೋ ಬರ?"

ಇದು ಬೇರೆ ಚಿಪ್ಪು ಎಂದು ವಿವರಿಸಿದೆ. ಯಂತ್ರ ಸರಿಯಾಗಿಯೇ ಓಡುತ್ತಿದೆ, ಆದರೆ ಅದಕ್ಕೆ ವಯಸ್ಸಾಗಿದೆ ಎಂದು ಬೇರೆ ಯಾರೋ ತೀರ್ಮಾನಿಸಿದ್ದಾರೆ ಎಂದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಂಗೂ ಐವತ್ತೆಂಟಕ್ಕೆ ಹಿಂಗೇ ಒಂದು ಪತ್ರ ಬಂದಿತ್ತು," ಎಂದರು. "ಆಯ್ತು, ಆ ಪೆಂಗ್ವಿನ್ ಗುರುತಿನ ಲಿನಕ್ಸೇ ಹಾಕು."

ಮೊದಲ ಹಂತ ಯಾವ ಲಿನಕ್ಸ್ ಎಂಬ ನಿರ್ಣಯ. ಇಲ್ಲಿ ಡಿಸ್ಟ್ರೋ ಎಂಬ ಪಂಗಡಗಳು ನೂರಾರಿವೆ, ಒಂದೊಂದಕ್ಕೂ ಮಠ, ಪೀಠ, ಶಿಷ್ಯವರ್ಗ ಇದೆ. ಅವುಗಳ ನಡುವಿನ ವ್ಯತ್ಯಾಸವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ, ಒಳಗಿನವರ ಮುಂದೆ ವಿವರಿಸುವುದು ಅಪಾಯ. ಹೆಸರುಗಳಲ್ಲಿ ಮಾತ್ರ ಎಲ್ಲರೂ ಶ್ರದ್ಧೆ ತೋರಿದ್ದಾರೆ. ಡೆಬಿಯನ್‌ನವರು ತಮ್ಮ ಆವೃತ್ತಿಗಳಿಗೆ 'ಟಾಯ್ ಸ್ಟೋರಿ' ಸಿನಿಮಾದ ಆಟಿಕೆಗಳ ಹೆಸರಿಡುತ್ತಾರೆ. ಉಬುಂಟುವಿನವರು ಒಂದು ಪ್ರಾಣಿ ಮತ್ತು ಅದಕ್ಕೆ ಪ್ರಾಸವಾಗುವ ಒಂದು ವಿಶೇಷಣ ಹುಡುಕುತ್ತಾರೆ. 2004ರ ಅಕ್ಟೋಬರಿನಲ್ಲಿ ಬಂದ ಮೊದಲ ಆವೃತ್ತಿಗೆ ಅವರು ಇಟ್ಟ ಹೆಸರಿನ ಅರ್ಥ ನರಹುಲಿ ಎದ್ದ ಕಾಡುಹಂದಿ. ಚೊಚ್ಚಲ ಮಗುವಿಗೆ ಇಂಥ ಹೆಸರಿಡಲು ಧೈರ್ಯ ಬೇಕು. ದೃಷ್ಟಿ ತಾಗದಿರಲಿ ಎಂದು ತಿಪ್ಪಯ್ಯ, ಗುಂಡ ಎಂದೆಲ್ಲ ಕರೆಯುತ್ತಿದ್ದ ನಮ್ಮ ಹಿರಿಯರಿಗೆ ಇದು ಅರ್ಥವಾಗುತ್ತಿತ್ತು. ದೊಡ್ಡಪ್ಪನಿಗೆ ನಾನು ಯಾವುದನ್ನು ಹಾಕಿದೆ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಮಠದವರು ತಪ್ಪು ಡಿಸ್ಟ್ರೋದ್ದು ಎನ್ನುತ್ತಾರೆ, ಆ ಮಠದವರು ತಪ್ಪು ನನ್ನದು ಎನ್ನುತ್ತಾರೆ.

ಪೆನ್‌ಡ್ರೈವಿನಿಂದ ಇನ್‌ಸ್ಟಾಲ್ ಆಗಲು ಇಪ್ಪತ್ತು ನಿಮಿಷ ಹಿಡಿಯಿತು. ವೈ-ಫೈ ಹತ್ತಲಿಲ್ಲ. ಅದರ ಡ್ರೈವರ್ ಬೇಕು ಎಂದು ಯಂತ್ರವೇ ಹೇಳಿತು. ಡ್ರೈವರ್ ಎಲ್ಲಿದೆ ಎಂದೂ ಹೇಳಿತು. ಇಂಟರ್ನೆಟ್ಟಿನಲ್ಲಿದೆ. ಇಂಟರ್ನೆಟ್ಟಿಗೆ ಹೋಗಲು ವೈ-ಫೈ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆಯನ್ನು ಇಷ್ಟು ನಿಖರವಾಗಿ ಜಾರಿಗೆ ತಂದ ಇನ್ನೊಂದು ತಂತ್ರಾಂಶವನ್ನು ನಾನು ಕಾಣೆ. ಪರಿಹಾರ ತಜ್ಞರಿಗೆ ಗೊತ್ತು: ಆಂಡ್ರಾಯ್ಡ್ ಫೋನನ್ನು ವೈರಿನಲ್ಲಿ ಕಂಪ್ಯೂಟರಿಗೆ ಕಟ್ಟಿ ಅದರಿಂದ ಇಂಟರ್ನೆಟ್ ಇಳಿಸಿಕೊಳ್ಳುವುದು. ಆ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲಿರುವುದೂ ಲಿನಕ್ಸೇ. ಹೀಗೆ ಕೆಲಸ ಮಾಡುವ ಲಿನಕ್ಸು ಕೆಲಸ ಮಾಡದ ಲಿನಕ್ಸಿನ ಕೈ ಹಿಡಿದು ದಡ ಸೇರಿಸಿತು.

ಆಮೇಲೆ ಪಾಸ್‌ವರ್ಡ್. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಮುಖ್ಯ ಕೆಲಸಗಳಿಗೆಲ್ಲ ಮುಂದೆ 'ಸುಡೊ' ಎಂಬ ಪದ ಸೇರಿಸಬೇಕು. 1980ರಷ್ಟು ಹಳೆಯ ಮಂತ್ರ ಅದು. ಅಧಿಕಾರಿಯ ಹೆಸರಿನಲ್ಲಿ ಈ ಕೆಲಸ ಮಾಡು ಎಂದು ಅರ್ಥ. ಅದು ಪಾಸ್‌ವರ್ಡ್ ಕೇಳುತ್ತದೆ. ಒತ್ತಿದರೆ ಪರದೆಯ ಮೇಲೆ ಅಕ್ಷರ ಇರಲಿ, ಚುಕ್ಕಿಯೂ ಮೂಡುವುದಿಲ್ಲ. ದೊಡ್ಡಪ್ಪ ಒಂದು ಕೀಲಿ ಒತ್ತಿ ನೋಡಿದರು, ಮತ್ತೊಮ್ಮೆ ಜೋರಾಗಿ ಒತ್ತಿದರು, ಕೀಬೋರ್ಡನ್ನು ತಲೆಕೆಳಗು ಮಾಡಿ ತಟ್ಟಿದರು. ಒಂದು ಅವಲಕ್ಕಿ ಬಿತ್ತು.

"ಕಾಣ್ಬಾರ್ದು ದೊಡ್ಡಪ್ಪ. ಎಷ್ಟಕ್ಷರ ಅಂತಾನೂ ಯಾರಿಗೂ ಗೊತ್ತಾಗಬಾರದು ಅಂತ ಹಂಗೆ ಮಾಡಿದಾರೆ. ಹುಂಡಿಗೆ ಹಾಕ್ದಂಗೆ, ಹಾಕ್ತಾ ಹೋಗಿ."

"ಹುಂಡಿಗೆ ಹಾಕಿದ್ರೆ ಸದ್ದಾದ್ರೂ ಬರತ್ತೆ."

ಮೂರು ದಿನ ಬಿಟ್ಟು ಇನ್ನೊಂದು ಫೋನ್. ಈ ಸಲ ದನಿ ತಗ್ಗಿತ್ತು. ಮುಖ್ಯ ಖಾತೆ ನನ್ನ ಹೆಸರಿನಲ್ಲಿಟ್ಟು ಅವರಿಗೆ ಸಾದಾ ಖಾತೆ ಮಾಡಿಕೊಟ್ಟಿದ್ದೆ, ಏನೂ ಕೆಡಿಸಿಕೊಳ್ಳದಿರಲಿ ಎಂದು. ಅವರು ನನ್ನನ್ನು ನೋಡಿ ಕಲಿತ ಸುಡೊವನ್ನು ತಮ್ಮ ಖಾತೆಯಲ್ಲಿ ಪ್ರಯೋಗಿಸಿದ್ದಾರೆ. ಲಿನಕ್ಸ್ ಇಂಗ್ಲಿಷಿನಲ್ಲಿ ಉತ್ತರಿಸಿದೆ: ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಒಂದೂ ಮೆಮೊ ಪಡೆಯದ ಮನುಷ್ಯ. ನಾನು ಆ ಭಾನುವಾರ ಹೋದಾಗ ಬಿಳಿ ಹಾಳೆಯಲ್ಲಿ ಸಮಜಾಯಿಷಿ ಬರೆದಿಟ್ಟಿದ್ದರು. ದಿನಾಂಕ, ವಿಷಯ, ಉಲ್ಲೇಖ, ಕೆಳಗೆ ಸಹಿ. 'ಸದರಿ ಪದವನ್ನು ನಾನು ದುರುದ್ದೇಶದಿಂದ ಬಳಸಿರುವುದಿಲ್ಲ.' ಯಾರಿಗೆ ಕಳಿಸಬೇಕು ಎಂಬುದೊಂದು ಖಾಲಿ ಬಿಟ್ಟಿದ್ದರು. ವರದಿ ಹೋಗುವುದು ಆ ಕಂಪ್ಯೂಟರಿನ ಅಧಿಕಾರಿಗೆ, ಎಂದರೆ ನನಗೆ. ಪತ್ರ ಸ್ವೀಕರಿಸಿದೆ. ಎಚ್ಚರಿಕೆ ನೀಡಿ ಪ್ರಕರಣ ಮುಕ್ತಾಯಗೊಳಿಸಿದೆ.

ಹಾಗೆಂದು ಅಧಿಕಾರ ಇದ್ದವರ ಬಾಳೇನೂ ಹಸನಲ್ಲ. 2021ರಲ್ಲಿ ಲೈನಸ್ ಸೆಬಾಸ್ಟಿಯನ್ ಎಂಬ ಕೆನಡಾದ ಪ್ರಸಿದ್ಧ ಯೂಟ್ಯೂಬ್ ತಂತ್ರಜ್ಞ ಲಿನಕ್ಸಿನಲ್ಲಿ ಆಟದ ತಂತ್ರಾಂಶವೊಂದನ್ನು ಹಾಕಿಕೊಳ್ಳಲು ಹೋದರು. ಪ್ಯಾಕೇಜಿನ ಎಡವಟ್ಟಿನಿಂದ ಯಂತ್ರ, ಇದನ್ನು ಹಾಕಬೇಕಾದರೆ ಒಂದಷ್ಟು ಮುಖ್ಯ ಸಾಮಾನು ತೆಗೆಯಬೇಕಾಗುತ್ತದೆ ಎಂದು ಎಚ್ಚರಿಸಿ, ಖಚಿತವಿದ್ದರೆ 'ಹೌದು, ನಾನು ಹೇಳಿದಂತೆ ಮಾಡು' ಎಂಬ ಇಡೀ ವಾಕ್ಯವನ್ನು ಇಂಗ್ಲಿಷಿನಲ್ಲಿ ಟೈಪಿಸಲು ಹೇಳಿತು. ಅವರು ಟೈಪಿಸಿದರು. ಅದು ಹೇಳಿದಂತೆ ಮಾಡಿತು. ಡೆಸ್ಕ್‌ಟಾಪ್ ಪೂರ್ತಿ ಮಾಯವಾಯಿತು. ಲಿನಕ್ಸಿಗೆ ಜೀವ ಕೊಟ್ಟವರ ಹೆಸರೂ ಲೈನಸ್, ಲಿನಕ್ಸಿನಿಂದ ಮನೆ ಕಳೆದುಕೊಂಡವರ ಹೆಸರೂ ಲೈನಸ್. ತಪ್ಪು ಯಾರದು ಎಂಬ ನನ್ನ ಶಾಸ್ತ್ರಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಬೇಡ. ಬರಹದಲ್ಲಿ ಒಪ್ಪಿಗೆ ಪಡೆದೇ ಮನೆ ಕೆಡವಿದೆ.

ಸೆಟ್ಟಿಂಗ್ ಒಂದನ್ನು ಬದಲಿಸಲು ಫೋನಿನಲ್ಲೇ ಮಾರ್ಗದರ್ಶನ ಮಾಡಿದ ದಿನ ನನ್ನಿಂದಲೂ ಒಂದು ಪ್ರಮಾದವಾಯಿತು. ದೊಡ್ಡಪ್ಪನ ಕೈಯಲ್ಲಿ 'ವಿಮ್' ಎಂಬ ಎಡಿಟರ್ ತೆರೆಸಿದೆ. ಪಾತ್ರೆ ತೊಳೆಯುವುದಲ್ಲ, ಬಿಲ್ ಜಾಯ್ 1976ರಲ್ಲಿ ಬರೆದ 'ವಿಐ' ಎಂಬುದರ ಸಂತಾನ, 1991ರಲ್ಲಿ ಹೊರಬಂದದ್ದು. ಅದರ ಒಳಗೆ ಹೋಗುವುದು ಬಹಳ ಸುಲಭ. ದೊಡ್ಡಪ್ಪ ನಲವತ್ತು ನಿಮಿಷ ಒಳಗಿದ್ದರು.

"ಎಸ್ಕೇಪ್ ಒತ್ತಿ. ಆಮೇಲೆ ಮೇಲೊಂದು ಕೆಳಗೊಂದು ಚುಕ್ಕಿ."

"ವಿವರಣಾತ್ಮಕ ಚಿಹ್ನೆ. ಹಂಗನ್ನು."

"ಹ್ಞೂಂ. ಆಮೇಲೆ ಇಂಗ್ಲಿಷ್ ಕ್ಯೂ. ಕೊನೇಲಿ ಭಾವಸೂಚಕ ಚಿಹ್ನೆ."

"ಯಾವ ಭಾವ ಸೂಚಿಸ್ಬೇಕೋ?"

"ಬರ್ದಿದ್ದು ಯಾವುದೂ ಬೇಡ, ಹೊರಗೆ ಬಿಟ್ರೆ ಸಾಕು ಅಂತ."

"ಅದು ವೈರಾಗ್ಯ ಕಣೋ."

ಇಂಥ ಸಂದರ್ಭಗಳಲ್ಲಿ ಹಳೆಯದೂ ಒಂದು ಇರಲಿ ಎಂದು ತಜ್ಞರು ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡುತ್ತಾರೆ. ನಾನೂ ಇಟ್ಟಿದ್ದೆ. ಒಂದು ಮನೆ, ಎರಡು ಒಲೆ. ಇಬ್ಬರಿಗೂ ಗಡಿಯಾರ ಮಾತ್ರ ಒಂದೇ, ಮದರ್‌ಬೋರ್ಡಿನ ಮೇಲೆ ನಾಣ್ಯದ ಗಾತ್ರದ ಬ್ಯಾಟರಿಯಲ್ಲಿ ನಡೆಯುವಂಥದ್ದು. ಲಿನಕ್ಸ್ ಆ ಗಡಿಯಾರದಲ್ಲಿ ಜಾಗತಿಕ ಸಮಯ ಇಡುತ್ತದೆ, ತೋರಿಸುವಾಗ ನಮ್ಮ ಐದೂವರೆ ಗಂಟೆ ಕೂಡಿಸಿಕೊಳ್ಳುತ್ತದೆ. ವಿಂಡೋಸ್ ಅದರಲ್ಲಿರುವುದೇ ಊರಿನ ಸಮಯ ಎಂದು ನಂಬುತ್ತದೆ. ಎರಡೂ ಸರಿ. ಇದರಿಂದ ಲಿನಕ್ಸಿನಲ್ಲಿ ಕೆಲಸ ಮುಗಿಸಿ ವಿಂಡೋಸಿಗೆ ಬಂದವರು ಐದೂವರೆ ಗಂಟೆ ಹಿಂದಕ್ಕೆ ಹೋಗುತ್ತಾರೆ. ಲಂಡನ್ನಿನಲ್ಲಿ ಚಳಿಗಾಲ ಕಳೆಯುವವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ. ಅಲ್ಲಿ ಆಗ ಎರಡು ಸಮಯವೂ ಒಂದೇ.

ನವೆಂಬರಿನ ಒಂದು ಗುರುವಾರ ಸಂಜೆ ಆರೂವರೆಗೆ ದೊಡ್ಡಪ್ಪ ವಿಂಡೋಸ್ ತೆರೆದರು. ಪರದೆಯಲ್ಲಿ ಮಧ್ಯಾಹ್ನ ಒಂದು ಗಂಟೆ. ಬ್ಯಾಂಕಿಗೆ ಕೊಡಬೇಕಿದ್ದ ಅರ್ಜಿಯನ್ನು ಹುಡುಕಿ, ತುಂಬಿ, ಎರಡು ಸಲ ಓದಿ ನೋಡುವಷ್ಟರಲ್ಲಿ ಒಂದೂ ಮೂವತ್ತೈದು. ಗುರುವಾರ ಒಂದೂವರೆಯಿಂದ ಮೂರರವರೆಗೆ ರಾಹುಕಾಲ. ಕಿಟಕಿಯಾಚೆ ಪೂರ್ತಿ ಕತ್ತಲಾಗಿತ್ತು, ದೊಡ್ಡಮ್ಮ ದೇವರಿಗೆ ದೀಪ ಹಚ್ಚಿಯಾಗಿತ್ತು. ಇವರು ಕೈ ಕಟ್ಟಿಕೊಂಡು ಪರದೆಯ ಗಡಿಯಾರವನ್ನೇ ನೋಡುತ್ತಾ ಮೂರು ಗಂಟೆಗಾಗಿ ಕಾದರು.

"ಹೊರಗೆ ನೋಡಬಾರದಾ ದೊಡ್ಡಪ್ಪ?" ಎಂದು ಆಮೇಲೆ ಕೇಳಿದೆ.

"ನೋಡ್ದೆ. ಆದ್ರೆ ಅರ್ಜಿ ಇರೋದು ಒಳಗೆ ತಾನೇ? ಒಳಗಿನ ಟೈಮು ಒಳಗಿಂದೇ." ಈ ವಾದಕ್ಕೆ ಉತ್ತರ ಯಾವ ಕೈಪಿಡಿಯಲ್ಲೂ ಇಲ್ಲ. ಒಂದೇ ಸಾಲಿನ ಆದೇಶ ಕೊಟ್ಟು ಲಿನಕ್ಸಿನ ಅಭ್ಯಾಸ ತಪ್ಪಿಸಬಹುದು, ತಪ್ಪಿಸಿದೆ. ಮಾಡುವಾಗ ಲಿನಕ್ಸು, ಇದು ಸರಿಯಾದ ಕ್ರಮವಲ್ಲ, ಮುಂದೆ ತೊಂದರೆಯಾದರೆ ಕೇಳಬೇಡಿ ಎಂಬರ್ಥದ ಒಂದು ಪ್ಯಾರಾ ಬರೆದು ತೋರಿಸಿತು. ಪಂಚಾಯ್ತಿ ಎಂದೆನಲ್ಲ.

ಕನ್ನಡದ ವಿಷಯ ಹೇಳದಿದ್ದರೆ ಅಭಿಪ್ರಾಯ ಅಪೂರ್ಣ. ದೊಡ್ಡಪ್ಪ 2003ರಲ್ಲಿ ತಮ್ಮ ಸೇವಾವಧಿಯ ನೆನಪುಗಳನ್ನು ತೊಂಬತ್ತೆರಡು ಪುಟ ಟೈಪು ಮಾಡಿಸಿದ್ದರು. ಆ ಕಾಲದ ನಮ್ಮ ಫಾಂಟುಗಳದು ಒಂದು ಜಾಣ ಉಪಾಯ: ಕಂಪ್ಯೂಟರಿಗೆ ಕನ್ನಡ ಬಾರದು, ಸರಿ, ಅದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳನ್ನೇ ಬರೆದುಕೊಳ್ಳಲಿ, ಆ ಅಕ್ಷರಗಳಿಗೆ ನಾವು ಕನ್ನಡದ ವೇಷ ತೊಡಿಸೋಣ. ಇಪ್ಪತ್ತು ವರ್ಷ ಪತ್ರಿಕೆ, ಪುಸ್ತಕ, ಕಚೇರಿ, ಲಗ್ನಪತ್ರಿಕೆ ಎಲ್ಲವೂ ಈ ವೇಷದಲ್ಲೇ ನಡೆದವು. ಲಿನಕ್ಸಿನಲ್ಲಿ ಆ ಫಾಂಟು ಇರಲಿಲ್ಲ. ಕಡತ ತೆರೆದಾಗ ಬಣ್ಣ ಒರೆಸಿಕೊಂಡ ಪಾತ್ರಧಾರಿಗಳು ಚೌಕಿಯಿಂದ ಸಾಲಾಗಿ ಹೊರಬಂದರು. ತಲೆಗೆ ಟೋಪಿ ಇಟ್ಟ ಎ, ಎರಡು ಚುಕ್ಕಿಯ ಇ, ಅಡ್ಡಗೀಟಿನ ಓ, ನಡುನಡುವೆ ಪೌಂಡಿನ ಗುರುತು. ತೊಂಬತ್ತೆರಡು ಪುಟ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡಿ, "ಮೊದ್ಲೂ ಹಿಂಗೇ ಇತ್ತಲ್ವಾ?" ಎಂದು ಒಳಗೆ ಹೋದರು.

ಯೂನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಸ್ವಂತ ನಿವೇಶನ ಮಂಜೂರಾಗಿತ್ತು. ನಾವು ಅಲ್ಲಿಗೆ ಮನೆ ಬದಲಿಸಲು ಎಷ್ಟೋ ವರ್ಷ ತಡಮಾಡಿದೆವು. ದೊಡ್ಡಪ್ಪನ ನೆನಪುಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದೆ. ಸಾಗಾಟದಲ್ಲಿ ಅಲ್ಲಲ್ಲಿ ಒತ್ತಕ್ಷರ ಪಕ್ಕದ ಮನೆಗೆ ಜಾರಿತ್ತು, ಅಷ್ಟೇ. ಹೊಸ ಮನೆಯಲ್ಲೂ ಒಂದು ವಾಸ್ತು ದೋಷ ಇದೆ. 'ಸಾಫ್ಟ್' ಬರೆದು ಅದಕ್ಕೆ 'ವೇರ್' ಸೇರಿಸಿದರೆ ವ ಎಂಬುದು ಟ ಕಾರದ ಬಾಲಕ್ಕೆ ಜೋತುಬೀಳುತ್ತದೆ. ಅದನ್ನು ಬಿಡಿಸಲು ನಡುವೆ ಒಂದು ಕಾಣದ ಅಕ್ಷರ ಹಾಕಬೇಕು. ಕಾಣುವುದಿಲ್ಲ, ಓದುವುದಕ್ಕೆ ಬರುವುದಿಲ್ಲ, ಅಗಲವೂ ಇಲ್ಲ. ಕೆಲಸ ಮಾತ್ರ ಮಾಡುತ್ತದೆ. "ನಲವತ್ತೊಂಬತ್ತೇ ಅಂತ ಮಕ್ಕಳಿಗೆ ಹೇಳ್ಕೊಟ್ಟು ರಿಟೈರಾದೆ," ಎಂದು ದೊಡ್ಡಪ್ಪ ಬಹಳ ಹೊತ್ತು ಬೇಸರದಲ್ಲಿದ್ದರು.

ಓದುಗರು ಇಷ್ಟು ಹೊತ್ತಿಗೆ, ಇಷ್ಟೆಲ್ಲ ಸಮಸ್ಯೆಗೆ ಪರಿಹಾರ ಏನು ಎಂದು ಕೇಳಬಹುದು. ಪರಿಹಾರ ಒಂದೇ, ಮತ್ತು ಅದು ಸರ್ವಮತಸಮ್ಮತ: ಆಫ್ ಮಾಡಿ ಆನ್ ಮಾಡುವುದು. ಇದನ್ನು ಹಗುರವಾಗಿ ಕಾಣುವವರು 2024ರ ಜುಲೈ 19ನ್ನು ನೆನೆಯಬೇಕು. ಆ ದಿನ ಒಂದು ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಟ್ಟಿಗೆ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆಗ ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಗ್ರಾಹಕರಿಗೆ ಕೊಟ್ಟ ಸಲಹೆಗಳಲ್ಲಿ ಒಂದು, ಯಂತ್ರವನ್ನು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿ, ಕೆಲವರಿಗೆ ಹದಿನೈದು ಸಲದವರೆಗೆ ಬೇಕಾಗಬಹುದು ಎಂಬುದಾಗಿತ್ತು. ಹದಿನೈದು. ಸಂಖ್ಯೆ ನಿಗದಿಯಾದ ಮೇಲೆ ಅದು ಚಿಕಿತ್ಸೆಯಲ್ಲ, ಪ್ರದಕ್ಷಿಣೆ. ಅಂದಿನಿಂದ ನಾನು ಬಂಧುಗಳಿಗೆ ರೀಸ್ಟಾರ್ಟ್ ಹೇಳುವಾಗ ಸಂಕೋಚಪಡುತ್ತಿಲ್ಲ. ಎಷ್ಟು ಸಲ ಎಂಬುದನ್ನು ಮಾತ್ರ ಅವರವರ ಶಕ್ತ್ಯನುಸಾರ ಹೇಳುತ್ತೇನೆ.

ಪ್ರಿಂಟರಿಗೆ ಇದು ಅನ್ವಯಿಸುವುದಿಲ್ಲ.

ಪ್ರಿಂಟರನ್ನು ಬೇರೆಯಾಗಿಯೇ ನೋಡಬೇಕು, ಯಾಕೆಂದರೆ ಇಡೀ ಲಿನಕ್ಸ್ ಪರಂಪರೆ ಹುಟ್ಟಿದ್ದೇ ಒಂದು ಪ್ರಿಂಟರಿನ ಸಿಟ್ಟಿನಿಂದ. 1980ರ ಸುಮಾರು. ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರನ್ನು ಉಡುಗೊರೆಯಾಗಿ ಕೊಟ್ಟಿತ್ತು. ಅದಕ್ಕೆ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ರಿಚರ್ಡ್ ಸ್ಟಾಲ್ಮನ್ ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿದೊಡನೆ ಎಲ್ಲರಿಗೂ ಸುದ್ದಿ ಹೋಗುವಂತೆ ಮಾಡಿಟ್ಟಿದ್ದರು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಅದರ ಮೂಲ ಸಂಕೇತ ಇವರ ಕೈಯಲ್ಲಿಲ್ಲ. ಅದು ಇದ್ದ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರನ್ನು ಹುಡುಕಿಕೊಂಡು ಹೋಗಿ ಕೇಳಿದರೆ, ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದರು. ಸ್ಟಾಲ್ಮನ್ ಅದನ್ನು ಮರೆಯಲಿಲ್ಲ. 1983ರ ಸೆಪ್ಟೆಂಬರ್ 27ರಂದು, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ಸಂಪೂರ್ಣ ವ್ಯವಸ್ಥೆಯೊಂದನ್ನು ಕಟ್ಟುತ್ತೇನೆಂದು ಸಾರಿದರು. ಅದೇ ಗ್ನು. ಅದಕ್ಕೆ ಬೇಕಿದ್ದ ತಿರುಳನ್ನು ಬರೆಯುತ್ತಿರುವುದಾಗಿ 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್, ಇದು ಬರೀ ಹವ್ಯಾಸಕ್ಕೆ, ಅಂಥ ದೊಡ್ಡದೇನೂ ಆಗುವುದಿಲ್ಲ ಎಂದು ಹೇಳಿಕೊಂಡೇ ಪ್ರಕಟಿಸಿದರು. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳೂ ಅದರಲ್ಲೇ ಓಡುತ್ತಿವೆ. 2021ರಲ್ಲಿ ಮಂಗಳ ಗ್ರಹದ ಮೇಲೆ ಹಾರಿದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿಯಲ್ಲಿ ಇದ್ದದ್ದೂ ಅದೇ.

ಇದನ್ನೆಲ್ಲ ನಾನು ದೊಡ್ಡಪ್ಪನಿಗೆ ವಿವರವಾಗಿ ಹೇಳಿದ್ದು ಅವರ ಪ್ರಿಂಟರಿನ ಹಿಂದೆ ಟಾರ್ಚ್ ಹಿಡಿದು ಮಲಗಿಕೊಂಡು. ಆಗ ಅವರು ಕೇಳಿದ ಪ್ರಶ್ನೆಗೆ ನಾನಿನ್ನೂ ಉತ್ತರ ಹುಡುಕುತ್ತಿದ್ದೇನೆ.

"ಮಂಗಳ ಗ್ರಹದಲ್ಲಿ ಪ್ರಿಂಟ್ ತಗೊಂಡ್ರೇನೋ?"

ಆಗಬೇಕಿದ್ದದ್ದು ಒಂದೇ ಹಾಳೆ. ಪಿಂಚಣಿದಾರರು ನವೆಂಬರಿನಲ್ಲಿ ಬ್ಯಾಂಕಿಗೆ ಕೊಡುವ ಜೀವಂತ ಪ್ರಮಾಣಪತ್ರ; ತಾನು ಬದುಕಿದ್ದೇನೆ ಎಂದು ಬರೆದು ಸಹಿ ಮಾಡುವಂಥದ್ದು. ವಿಂಡೋಸಿನಲ್ಲಿ ಕೇಳಿದರೆ ಪ್ರಿಂಟರ್ ಆಫ್‌ಲೈನ್ ಎಂದು ಬಂತು. ದೀಪ ಉರಿಯುತ್ತಿದೆ, ವೈರು ಇದೆ, ಆದರೆ ಆಫ್‌ಲೈನ್. ಗಂಡನ ಮೇಲೆ ಮುನಿಸಿಕೊಂಡವರು ಅಡುಗೆಮನೆಯಲ್ಲಿದ್ದೂ ಇಲ್ಲದ ಹಾಗೆ. ಲಿನಕ್ಸಿಗೆ ಬಂದೆವು. ಇಲ್ಲಿ ಮುದ್ರಣ ನೋಡಿಕೊಳ್ಳುವುದು 'ಕಪ್ಸ್' ಎಂಬ ತಂತ್ರಾಂಶ, ಮ್ಯಾಕ್‌ನಲ್ಲಿರುವುದೂ ಅದೇ. ಅದು ಪ್ರಿಂಟರನ್ನು ಕೂಡಲೇ ಗುರುತಿಸಿತು. ಹೆಸರು ಹಿಡಿದು ಕರೆಯಿತು. ಸಿದ್ಧವಿದೆ ಎಂದಿತು. ಪ್ರಿಂಟ್ ಒತ್ತಿದೆ. ಮುದ್ರಣ ಮುಗಿದಿದೆ ಎಂದಿತು. ಹಾಳೆ ಬರಲಿಲ್ಲ. ಮತ್ತೆ ಒತ್ತಿದೆ. ಮುಗಿದಿದೆ. ದೊಡ್ಡಪ್ಪ ಒತ್ತಿದರು. ಮುಗಿದಿದೆ. ಡ್ರೈವರ್ ಬದಲಿಸಿದೆ, ವೈರು ಬದಲಿಸಿದೆ, ದೊಡ್ಡಮ್ಮ ಅರಿಶಿನದ ಕೈಯಲ್ಲೇ ಒಂದು ಸಲ ಒತ್ತಿ ಹೋದರು. ಪ್ರತಿ ಸಲವೂ ಕೆಲಸ ಯಶಸ್ವಿಯಾಗಿ ಮುಗಿಯುತ್ತಲೇ ಇತ್ತು. ನಾನೂರು ಸಾಲಿನ ವರದಿ ತೆಗೆದು ಓದಿದೆ. ಅದರ ಪ್ರಕಾರ ಆ ಮನೆಯಲ್ಲಿ ಯಾರದೂ ತಪ್ಪಿರಲಿಲ್ಲ. ನನ್ನ ಶಾಸ್ತ್ರಕ್ಕೆ ಅದು ಮೊದಲ ಪೆಟ್ಟು.

ಕೊನೆಗೆ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆವು. ನಲವತ್ತೈದು ವರ್ಷ ಸುತ್ತಿ ಅದೇ ಹೆಸರಿನ ಬಾಗಿಲಿಗೆ. ಅಲ್ಲಿನ ಹುಡುಗನ ಕಂಪ್ಯೂಟರಿನ ಬಲಗಡೆ ಮೂಲೆಯಲ್ಲಿ, ವಿಂಡೋಸ್ ಸಕ್ರಿಯಗೊಳಿಸಿ ಎಂಬ ಇಂಗ್ಲಿಷ್ ಕೋರಿಕೆ ಮಸುಕು ಅಕ್ಷರದಲ್ಲಿ ಕಾಯಂ ಆಗಿ ನಿಂತಿತ್ತು. ಅದರ ಮೇಲೇ ಒಂದು ಸಣ್ಣ ಗಣಪತಿ ಸ್ಟಿಕ್ಕರ್ ಅಂಟಿಸಿದ್ದ. ಪಿಡಿಎಫನ್ನು ವಾಟ್ಸಾಪ್‌ನಲ್ಲಿ ಕಳಿಸಿ ಅಂದ. ಕಳಿಸಿದೆ. ಅವನ ಪ್ರಿಂಟರಿಗೂ ಕಾಗದ ಸಿಕ್ಕಿಕೊಂಡಿತು. ಅವನು ತಲೆ ಎತ್ತದೆ ಅದರ ಪಕ್ಕೆಗೆ ಅಂಗೈಯಲ್ಲಿ ಒಂದು ಕೊಟ್ಟ. ಹಾಳೆ ಬಂತು. ಹತ್ತು ರೂಪಾಯಿ. ಎಲ್ಲಿ ಕಲಿತೆ ಎಂದು ಕೇಳಿದೆ, ವೃತ್ತಿಗೌರವದಿಂದ. ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ರಾತ್ರಿ ಬೆಂಗಳೂರಿಗೆ ವಾಪಸಾಗಿ ಕೈಕಾಲು ತೊಳೆಯುತ್ತಿದ್ದೆ. ಹನ್ನೊಂದು ದಾಟಿತ್ತು. ದೊಡ್ಡಪ್ಪನ ಫೋನ್. ಹಿಂದಿನಿಂದ ಕರ್ ಕರ್ ಸದ್ದು ಕೇಳುತ್ತಿತ್ತು.

"ಮಗಾ, ನಾವು ಮಲಗಿದ್ವಿ. ಅದು ತಾನಾಗೇ ಎದ್ದು ಶುರು ಹಚ್ಕೊಂಡಿದೆ. ನೀನು ಒತ್ತಿದ್ದು, ನಾನು ಒತ್ತಿದ್ದು, ನಿಮ್ಮ ದೊಡ್ಡಮ್ಮ ಒತ್ತಿದ್ದು, ಎಲ್ಲಾ ಬರ್ತಿದೆ."

"ಎಷ್ಟಾಯ್ತು ದೊಡ್ಡಪ್ಪ?"

"ಒಂಬತ್ತು ಸಲ ಬದುಕಿದೀನಿ. ಹತ್ತು. ನಿಲ್ಸೋದು ಹೆಂಗೋ?"

ಹದಿನೆಂಟು ವರ್ಷದ ಅನುಭವವನ್ನೆಲ್ಲ ಒಮ್ಮೆ ಮನಸ್ಸಿನಲ್ಲಿ ತಿರುವಿ ಹಾಕಿದೆ.

"ಹಿಂದುಗಡೆ ಒಂದು ವೈರ್ ಇದೆಯಲ್ಲ," ಎಂದೆ. "ಕಿತ್ತುಬಿಡಿ."